ಒದ್ದೆಯಲ್ಲ, ತಂಪು

"ಬೆಳಿಗ್ಗೆ ತೋಡಿ, ಒಂದು ಲೋಟ ಕಾಫಿ ಕುಡ್ಕೊಂಡು ಬರೋಷ್ಟರಲ್ಲಿ ಹೀಗಾಗಿದೆ ಅಕ್ಕಾ," ಎಂದ ರೈನೊ, ಸಲಿಕೆಗೆ ಒರಗಿ ನಿಂತು. ಸಮಾಧಿಯ ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ನೀರಿನ ಮೇಲೆ ತುಕ್ಕಿನ ಬಣ್ಣದ ತೆಳು ಪೊರೆ. ಲೆಂಪಿ ಬಗ್ಗಿ ನೋಡಿದಳು. ನಾಳೆ ತನ್ನ ಗಂಡ ಒನ್ನಿಯನ್ನು ಇದರಲ್ಲೇ ಇಳಿಸಬೇಕಿತ್ತು.

ಒನ್ನಿ ತೀರಿಕೊಂಡದ್ದು ಜನವರಿಯಲ್ಲಿ. ಮಿಷಿಗನ್ನಿನ ಈ ಉತ್ತರದ ಮೂಲೆಯಲ್ಲಿ ಚಳಿಗಾಲದಲ್ಲಿ ಸತ್ತವರು ಹೆಪ್ಪುಗಟ್ಟಿದ ನೆಲ ಸಡಿಲವಾಗುವವರೆಗೆ ಕಲ್ಲಿನ ಕೋಣೆಯಲ್ಲಿ ಸರದಿ ಕಾಯಬೇಕು. ಬದುಕಿದ್ದಾಗ ಚರ್ಚಿನ ಕಾಫಿಯ ಸಾಲಿನಲ್ಲೂ ಮುಂದೆ ನುಗ್ಗುತ್ತಿದ್ದ ಮನುಷ್ಯ ಏಪ್ರಿಲ್ ಕೊನೆಯವರೆಗೂ ತೆಪ್ಪಗೆ ಕಾದಿದ್ದ. ಈ ಹೊಸ ಸ್ಮಶಾನದ ಮೊದಲ ಗುಂಡಿ ತನ್ನದೇ ಆಗಬೇಕೆಂದು ಹಟ ಹಿಡಿದವನು ಅವನು. ಹಿಡಿಯದೆ ಏನು, ಜಾಗ ದಾನ ಕೊಟ್ಟವನೂ ಅವನೇ. ಹಸುಗಳೂ ಕಾಲಿಡಲು ಒಲ್ಲದ ಹೊಲವನ್ನು ದೇವರಿಗೆ ಬಿಟ್ಟುಕೊಟ್ಟ ಮಹಾದಾನಿ.

ಅದಕ್ಕೂ ಮುಂಚೆ ಅದನ್ನು ಮಾರಲು ಅವನು ಪಟ್ಟ ಪಾಡು ಊರಿಗೆಲ್ಲ ಗೊತ್ತು. ಪ್ರತಿ ಆಗಸ್ಟಿನಲ್ಲೂ ಯಾರನ್ನಾದರೂ ಕರೆತಂದು, ಒಣಗಿದ ಹುಲ್ಲಿನ ಮೇಲೆ ನಡೆಸಿ ತೋರಿಸುತ್ತಿದ್ದ. "ಮೇಜಿನ ಹಾಗೆ ಸಮ ನೋಡಿ. ಹುಡುಕಿದರೂ ಒಂದು ಕಲ್ಲು ಸಿಕ್ಕಲ್ಲ. ದೇವರೇ ಹಿಮದ ಬೆಟ್ಟ ಕರಗಿಸಿ ಮರಳು ಹರಡಿಟ್ಟಿದಾನೆ!" ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಿಮ ಕರಗಿ ಸಾವಿರಾರು ವರ್ಷಗಳಾಗಿದ್ದವು. ನೀರು ಮಾತ್ರ ಆ ವಿಳಾಸ ಮರೆತಿರಲಿಲ್ಲ. ಯಾರಾದರೂ ಕೆಸರಲ್ಲಿ ಹೂತ ಬೂಟು ತೋರಿಸಿದರೆ ಒನ್ನಿಯದು ಒಂದೇ ಉತ್ತರ: "ಒದ್ದೆ ಅಲ್ಲ, ತಂಪು ಅಷ್ಟೆ." ಮನೆಯ ನೆಲಮಾಳಿಗೆಯಲ್ಲಿ ವರ್ಷದ ಈರುಳ್ಳಿಯೆಲ್ಲ ತೇಲಾಡುತ್ತಿದ್ದಾಗಲೂ ಅವನು ಲೆಂಪಿಗೆ ಹೇಳಿದ್ದು ಅದನ್ನೇ.

ಅಷ್ಟರಲ್ಲಿ ಪಾಸ್ಟರ್ ಡೇಲ್ ಹೊಳೆಯುವ ಬೂಟು ಹಾಕಿಕೊಂಡು, ಹುಲ್ಲಿನ ಗುಪ್ಪೆಯಿಂದ ಗುಪ್ಪೆಗೆ ಜಿಗಿಯುತ್ತ ಬಂದರು. ಹೋದ ಬೇಸಿಗೆಯಲ್ಲಿ ಉದ್ದುದ್ದ ಪ್ರಾರ್ಥನೆ ಮಾಡಿ ಈ ನೆಲವನ್ನು ಪವಿತ್ರಗೊಳಿಸಿದವರು ಅವರೇ. ಗುಂಡಿ ನೋಡಿದವರೇ ಬೆಚ್ಚಿಬಿದ್ದರು.

"ಮಳೆಯೇ ಬಂದಿಲ್ಲವಲ್ಲ!"

"ಮೇಲಿಂದ ಬಂದದ್ದಲ್ಲ ಪಾಸ್ಟರ್, ಕೆಳಗಿಂದ," ಎಂದ ರೈನೊ.

ಕೆಳಗಿನಿಂದ ಎಂದ ಮೇಲೆ ಪಾಸ್ಟರಿಗೆ ಇನ್ನಷ್ಟು ಗಾಬರಿಯಾಯಿತು. ಏನಾದರೂ ಒಳ್ಳೆಯ ಮಾತು ಆಡಬೇಕಲ್ಲ ಎಂದು ಗುಂಡಿಯ ಗೋಡೆಯನ್ನು ದಿಟ್ಟಿಸಿದರು. ಮೇಲೆ ಒಂದು ಗೇಣು ಕಪ್ಪು ಮಣ್ಣು, ಕೆಳಗೆಲ್ಲ ಬೂದು ಮರಳು, ಅದರ ತುಂಬ ಕಿತ್ತಳೆ ಬಣ್ಣದ ಚುಕ್ಕೆಗಳು. "ಬಣ್ಣ ಮಾತ್ರ ತುಂಬ ಚೆನ್ನಾಗಿದೆ," ಎಂದರು.

"ನಮ್ಮನೆ ಬಕೆಟ್ಟಿನ ತಳಾನೂ ಇಷ್ಟೇ ಚೆನ್ನಾಗಿದೆ," ಎಂದಳು ಲೆಂಪಿ. "ಅದು ತುಕ್ಕು, ಪಾಸ್ಟರ್. ನೀರು ಬಂದು ಹೋಗೋ ಕಡೆ ಈ ಕಲೆ ಬೀಳುತ್ತೆ. ನಮ್ಮವನು ಅದನ್ನ ನೆಲದ ಕಸೂತಿ ಅಂತಿದ್ದ."

ರೈನೊ ತಲೆ ಕೆರೆದುಕೊಂಡ. "ಪಂಪ್ ಇಟ್ಟು ನೀರು ಎತ್ತಬಹುದು. ಆದ್ರೆ ಮರಳು ಕುಸೀತಾ ಇರುತ್ತೆ, ನೀವು ಪ್ರಾರ್ಥನೆ ಚುಟುಕಾಗಿ ಮುಗಿಸ್ಬೇಕು. ಪೆಟ್ಟಿಗೆ ಮೇಲೆ ಕಲ್ಲು ಹೇರ್ಬೇಕು. ಇಲ್ದಿದ್ರೆ ಒನ್ನಿ ಅಣ್ಣ ತೇಲ್ಕೊಂಡು ವಾಪಸ್ ಬಂದ್ಬಿಡ್ತಾನೆ."

"ಕಲ್ಲಿಗೆ ಎಲ್ಲಿಗೆ ಹೋಗ್ತೀಯೋ? ಇಲ್ಲಿ ಹುಡುಕಿದ್ರೂ ಒಂದು ಸಿಕ್ಕಲ್ಲ ಅಂತ ಹೊಗಳಿ ಹೊಗಳಿ ಇಟ್ಟಿದಾನಲ್ಲ."

ಪಾಸ್ಟರ್ ಕೆಮ್ಮಿ ದನಿ ತಗ್ಗಿಸಿದರು. "ಲೆಂಪಿಯಮ್ಮ, ಗುಡ್ಡದ ಹಳೇ ಸ್ಮಶಾನದಲ್ಲಿ ನಿಮ್ಮ ತಾಯಿಯ ಪಕ್ಕ ಒಂದು ಜಾಗ ಉಳಿದಿದೆಯಲ್ಲ? ಅದೇ ಕೊನೇದು. ಅದನ್ನ ಒನ್ನಿಯವರಿಗೆ ಬಿಟ್ಟುಕೊಟ್ಟರೆ... ಊರಲ್ಲಿ ಮಾತೂ ಬರಲ್ಲ. ನಿಮ್ಮದನ್ನ ಮುಂದೆ ನೋಡ್ಕೊಳ್ಳೋಣ."

ಮುಂದೆ ನೋಡಿಕೊಳ್ಳುವುದು ಎಂದರೆ ಏನೆಂದು ಲೆಂಪಿಗೆ ತಕ್ಷಣ ಹೊಳೆಯಿತು. ಒಣ ನೆಲ ಅವನಿಗೆ, ಈ ತಂಪು ತನಗೆ. ಗುಂಡಿಯ ತಲೆಯ ಬಳಿ ಜೋಡಿ ಹೆಸರಿನ ಕಲ್ಲು ಆಗಲೇ ಅರ್ಧ ಅಡಿ ಹೂತು, ವಾಲಿಕೊಂಡು ನಿಂತಿತ್ತು. ಅವನ ಪಕ್ಕದಲ್ಲಿ ಅವಳ ಹೆಸರು, ಹುಟ್ಟಿದ ವರ್ಷ, ಆಮೇಲೊಂದು ಅಡ್ಡಗೆರೆ. ಆಶ್ಚರ್ಯವೆಂದರೆ, ಕೋಪದ ಜೊತೆಗೇ ಅವಳಿಗೆ ಅಳುವೂ ಬಂತು. ಚಳಿಗಾಲವಿಡೀ ಅವನ ಸುಳ್ಳುಗಳಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ಶನಿವಾರದ ಉಗಿಸ್ನಾನಕ್ಕೆ ಒಬ್ಬಳಿಗೇ ಒಲೆ ಹಚ್ಚಲು ಮನಸ್ಸಾಗದೆ ಎಷ್ಟೋ ವಾರ ಬಿಟ್ಟಿದ್ದಳು. ಪಾಪ, ಸತ್ತ ಮೇಲಾದರೂ ಬೆಚ್ಚಗೆ ಮಲಗಲಿ ಎನ್ನಿಸಿತು. ಆಯಿತು, ತಗೊಳ್ಳಿ ಎನ್ನಲು ಬಾಯಿ ತೆರೆದಳು ಕೂಡ.

ಆಗ ಕೆಸರಲ್ಲಿ ಹೂತುಹೋಗುತ್ತಿದ್ದ ಅವಳ ಎಡಗಾಲಿನ ಬೂಟಿನೊಳಕ್ಕೆ ನೀರು ನುಗ್ಗಿತು.

"ಪಂಪ್ ತಗೊಂಡ್ಬಾ ರೈನೊ," ಎಂದಳು. "ಕಲ್ಲು ಗುಡ್ಡದಿಂದ ತಾ. ಅವನು ಇಷ್ಟಪಟ್ಟ ಜಾಗ, ಇಲ್ಲೇ ಇರ್ಲಿ. ಗುಡ್ಡದ ಮೇಲಿಂದು ನಂದು."

"ಆದರೆ ಇಲ್ಲಿ ನಿಮ್ಮ ಹೆಸರೂ ಕೆತ್ತಿ ಆಗಿದೆಯಲ್ಲ!" ಎಂದರು ಪಾಸ್ಟರ್.

"ಇರ್ಲಿ ಬಿಡಿ. ಹೆಸರು ನೆಂದ್ರೆ ಶೀತ ಆಗುತ್ತಾ?"

"ಅವರನ್ನ ನೋಡೋಕಾದ್ರೂ ಆಗಾಗ ಬರ್ತೀರಲ್ಲ?" ಎಂದರು ಪಾಸ್ಟರ್, ನೊಂದ ದನಿಯಲ್ಲಿ.

ಲೆಂಪಿ ರೈನೊನ ಭುಜ ಹಿಡಿದು ಒಂಟಿಕಾಲಲ್ಲಿ ನಿಂತು, ಬೂಟು ಬಿಚ್ಚಿ, ಒಳಗಿನ ನೀರನ್ನು ಗುಂಡಿಗೇ ಸುರಿದಳು.

"ಬರ್ದೆ ಏನು, ಬರ್ತೀನಿ. ಆಗಸ್ಟಲ್ಲಿ. ಅವನು ಈ ಜಾಗ ಎಲ್ರಿಗೂ ತೋರಿಸ್ತಾ ಇದ್ದದ್ದೂ ಆವಾಗಲೇ ತಾನೆ?"