ಚರಗ ಉಂಡ ಕಂಬ

ಹೊಲಗಳು ಮಾತಾಡಲು ಕಲಿತ ಮೇಲೆ ಬಸಲಿಂಗವ್ವ ಒಂದು ತುತ್ತನ್ನೂ ನೆಮ್ಮದಿಯಿಂದ ಉಂಡಿರಲಿಲ್ಲ. ಬದುವಿನ ಮೇಲೆ ನೆಟ್ಟ ಕಂಬ ಹೊಲದ ಬಾಯಾಗಿ ಬೆಳಗಿನಿಂದ ಬೈಗಿನವರೆಗೆ ಒದರುತ್ತಿತ್ತು: ನೀರು ಬಿಡಿ, ಹುಳ ಬಿದ್ದಿದೆ, ಕಳೆ ಕೀಳಿ. ಅದು ಹೇಳಿದಂತೆ ಕೇಳದವರ ಜೋಳವನ್ನು ಪೇಟೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ಎಳ್ಳಮಾವಾಸ್ಯೆಯ ದಿನ ಗಂಡ ಹೆಂಡತಿ ಬುಟ್ಟಿ ಹೊತ್ತು ಚರಗ ಚೆಲ್ಲಲು ಬಂದರು. ಭೂಮಿತಾಯಿಗೆಂದು ಮೊದಲ ಹಿಡಿ ಎಡೆ ಎರಚುತ್ತಲೇ ಕಂಬ ಶುರುವಿಟ್ಟುಕೊಂಡಿತು. "ಗೊತ್ತಿಲ್ಲದ ಪದಾರ್ಥ ಬಿದ್ದಿದೆ. ದಯವಿಟ್ಟು ಆರಿಸಿ ತೆಗೆಯಿರಿ."

"ಎಡೀನೂ ಒಲ್ಲೆ ಅಂತತಿ, ನೋಡ್ರಿ," ಎಂದಳು ಬಸಲಿಂಗವ್ವ.

"ಹಸದಿರಬೇಕು, ಅದಕ್ಕ ಸಿಟ್ಟು," ಗಂಡ ಸಿದ್ದಮಲ್ಲಪ್ಪ ನಕ್ಕ. "ಬಾಯಿ ಎಲ್ಲೈತಿ, ಅಲ್ಲೇ ಉಣಸು."

ಅವಳಿಗೆ ಅದು ನಗುವ ಮಾತು ಅನಿಸಲಿಲ್ಲ. ಸಜ್ಜಿ ಕಡುಬನ್ನು ಪಲ್ಯದಲ್ಲಿ ಹೊರಳಿಸಿ ಕಂಬದ ದನಿ ಹೊರಡುವ ತೂತಿನೊಳಗೆ ತುರುಕಿದಳು, ಮೇಲೆ ಅಂಬಲಿ ಸುರಿದಳು. ಕಂಬ ಗೊರಗೊರ ಎಂದು ಸುಮ್ಮನಾಯಿತು.

ಸಿದ್ದಮಲ್ಲಪ್ಪನ ನಗು ಇಂಗಿತು. "ನಾಳೆ ನಮ್ಮ ಜ್ವಾಳ ಯಾರು ತಗೋತಾರ?"

"ಇವತ್ತರೆ ನೆಮ್ಮದಿಲೆ ಉಣ್ಣೂಣು ಬರ್ರಿ."

ಬನ್ನಿಗಿಡದ ಕೆಳಗೆ ಕೂತು ಉಂಡರು. ಜೋಳದ ಗರಿ ಗಾಳಿಗೆ ಸರಸರ ಎನ್ನುವುದು ಎಷ್ಟೋ ವರ್ಷದ ಮೇಲೆ ಕೇಳಿಸಿತು. ಬಸಲಿಂಗವ್ವ ಸೆರಗು ಹಾಸಿ ಒರಗಿದಳು, ಕಣ್ಣಿಗೆ ಜೊಂಪು ಹತ್ತಿತು.

ಅಷ್ಟರಲ್ಲಿ ಮಗ್ಗುಲ ಹೊಲದ ಕಂಬ ಕೂಗಿತು. "ಬಸಲಿಂಗವ್ವನವರೇ, ನಿಮ್ಮ ಹೊಲದ ಮಾತು ನಿಂತಿದೆ. ಇನ್ನು ಮೇಲೆ ಅದರ ಪರವಾಗಿ ನಾನೇ ಹೇಳುತ್ತೇನೆ."

ಅವಳು ಕಣ್ಣು ತೆರೆಯಲಿಲ್ಲ.

"ಏನ್ರಿ, ಬುಟ್ಟ್ಯಾಗ ಇನ್ನೊಂದು ಕಡುಬು ಉಳದೈತೇನು ನೋಡ್ರಿ."