ಬಚ್ಚಲ ನೀರಿನ ಪಾಲು

ಕೊಂಡಮ್ಮ ಹರಿದ ಕಂಬಳಿಯನ್ನು ಉಂಡೆ ಮಾಡಿ, ಬಚ್ಚಲ ನೀರು ಹೊರಗೆ ಹೋಗುವ ತೂತಿಗೆ ತುರುಕಿದಳು. ಅದು ಸಾಲದೆಂದು ಮೇಲೆ ಜೇಡಿಮಣ್ಣು ಮೆತ್ತಿ, ಅಂಗೈಯಿಂದ ತಟ್ಟಿ ತಟ್ಟಿ ನಯ ಮಾಡಿದಳು. ಹಬ್ಬಕ್ಕೆ ಮನೆ ಸಾರಿಸುವಾಗಲೂ ಅವಳು ಅಷ್ಟು ಶ್ರದ್ಧೆ ತೋರಿಸಿದವಳಲ್ಲ. ಗೋಡೆಯ ಆಚೆ ಓರಗಿತ್ತಿ ಮಂಗಮ್ಮನ ಕೆಂಪು ಈರುಳ್ಳಿಯ ಪಾತಿ ಇತ್ತು. ಅದು ಒಣಗಬೇಕಾಗಿತ್ತು, ಅಷ್ಟೆ.

ದೀಪಾವಳಿ ಕಳೆದ ಮೇಲೆ ಅಣ್ಣತಮ್ಮಂದಿರು ಬೇರೆಯಾದಾಗ, ಪದ್ಧತಿಯಂತೆ ಹಿರಿಯವನು ಪಾಲು ಮಾಡಿದ, ಕಿರಿಯವನು ಆರಿಸಿದ. ಕಿರಿಯವನಿಗೆ ಬಾಯಿಲ್ಲದ್ದರಿಂದ ಅವನ ಹೆಂಡತಿ ಮಂಗಮ್ಮನೇ ಆರಿಸಿದಳು. ಬಚ್ಚಲಿದ್ದ ಮೇಲಿನ ಹಿತ್ತಲನ್ನು ಬಿಟ್ಟು, ಬಚ್ಚಲ ನೀರು ಹೋಗಿ ನಿಲ್ಲುವ ಕೆಳಗಿನ ಹಿತ್ತಲಿನತ್ತ ಬೆರಳು ತೋರಿಸಿದಳು. "ಕೊಚ್ಚೆ ಕೇಳಿ ಇಸ್ಕೊಂಡ್ಲು ನೋಡ್ರೇ!" ಎಂದು ಕೊಂಡಮ್ಮ ಬೇರಿಕೆ ಸಂತೆಯವರೆಗೂ ಆಡಿಕೊಂಡು ನಕ್ಕಳು. ಅವಳ ನಗು ಮುಗಿಯುವ ಹೊತ್ತಿಗೆ ಆ ಕೊಚ್ಚೆಯಲ್ಲಿ ಕೆಂಪು ಬುಡದ ಈರುಳ್ಳಿ ಹಸಿರು ಎಲೆ ಬಿಟ್ಟುಕೊಂಡು ಎದ್ದು ನಿಂತಿತ್ತು. ಮಂಗಮ್ಮ ಅದನ್ನು ಕಿತ್ತು ಒಗ್ಗರಣೆ ಹಾಕಿದ ದಿನ, ಕೊಂಡಮ್ಮನ ಗಂಡ ಚಿನ್ನಪ್ಪ ಮುದ್ದೆಯ ಮುಂದೆ ಕೂತು, ಗೋಡೆಯ ಕಡೆ ಮೂಗು ತಿರುಗಿಸಿ, "ಘಮ್ ಅಂತೈತಲ್ಲ" ಎಂದುಬಿಟ್ಟ. ಪಾಪ, ಅಂದದ್ದು ಅಷ್ಟೇ. ಮರುದಿನವೇ ತೂತು ಮುಚ್ಚಿತು.

ಮಂಗಮ್ಮ ಬಂದು ಕೇಳಿದಳು. "ಅಕ್ಕಾ, ನೀರು ಯಾಕೆ ಬರಾಕಿಲ್ಲ?"

"ಸೇದಿದ್ದು ನಾನು, ಕಾಯಿಸಿದ್ದು ನಾನು, ಮಿಂದಿದ್ದು ನಾನು. ನಿಂಗ್ಯಾಕೆ ಬರ್ಬೇಕು?"

"ಅವು ನಮ್ಮಮ್ಮ ಇಟ್ಟಿದ್ದ ಗಡ್ಡೆ ಅಕ್ಕ. ಅಮ್ಮನೇ ಹೋದ್ಲು. ಈ ಸಲ ಒಣಗಿದ್ರೆ ಆ ಬೀಜ ಮತ್ತೆ ಸಿಗಾಕಿಲ್ಲ."

"ಹಂಗಾದ್ರೆ ಕೂತ್ಕೊಂಡು ಅಳು. ಕಣ್ಣೀರಾದ್ರೂ ಬೀಳ್ಲಿ ಬುಡಕ್ಕೆ."

ಅಂಚೆಟ್ಟಿಯ ತವರಿನಿಂದ ಮಂಗಮ್ಮನಿಗೆ ಬಂದ ಆಸ್ತಿ ಎಂದರೆ ಅದೊಂದು ಹಿಡಿ ಗಡ್ಡೆ. ಅರ್ಧ ಪಾತಿಯನ್ನು ಸೊಪ್ಪಿಗೆ ಕಿತ್ತು, ಇನ್ನರ್ಧವನ್ನು ಬೀಜಕ್ಕೆ ಬಲಿಯಲು ಬಿಟ್ಟಿದ್ದಳು. ಬೇಸಿಗೆ ಹತ್ತಿರ ಬಂದಿತ್ತು. ಕುಡಿಯಲು, ಮೀಯಲು ಬಿಟ್ಟರೆ ಬೇರೆ ಯಾವುದಕ್ಕೂ ಬಾವಿ ನೀರು ಸೇದಬಾರದೆಂದು ಊರು ಕಟ್ಟು ಮಾಡಿತ್ತು. ಅವಳು, ಮುಂದೆ ನಿಂತು ಪಾಲು ಮಾಡಿಸಿದ್ದ ಊರ ಹಿರಿಯ ಮುತ್ತರಾಯಪ್ಪನ ಹತ್ತಿರ ಹೋದಳು. ನ್ಯಾಯ ಹೇಳುವಾಗ ಮುತ್ತರಾಯಪ್ಪ ಪೇಟ ಸುತ್ತಿಕೊಳ್ಳದೆ ಬಾಯಿ ತೆರೆಯುತ್ತಿರಲಿಲ್ಲ. ಸುತ್ತಿಕೊಂಡ ಮೇಲೂ ಅದರೊಳಗಿಂದ ಬರುವುದು ಇಷ್ಟೇ.

"ನಾವು ನೆಲ ಪಾಲು ಮಾಡಿದ್ವಿ ಕಣಮ್ಮ, ನೀರು ಮಾಡಿಲ್ಲ. ಅಲ್ಲಿ ನೋಡಿದ್ರೆ ಜರ್ಮನಿಯೋನು ಲೋಕಾನೇ ಸುಡ್ತಾವ್ನೆ, ನೀನು ಬಚ್ಚಲ ನೀರಿಗೆ ಪಂಚಾಯ್ತಿ ಅಂತೀಯ!"

ಜರ್ಮನಿಗೂ ಈರುಳ್ಳಿಗೂ ಏನು ಸಂಬಂಧವೋ ಅವನೇ ಬಲ್ಲ. ಮಂಗಮ್ಮ ಅಂದಿನಿಂದ ಪಾತಿಯಲ್ಲೇ ನಿಂತು ಮಿಂದಳು, ಪಾತಿಯ ಮೇಲೇ ಕೈ ತೊಳೆದಳು, ಗಂಡನನ್ನೂ ಅಲ್ಲೇ ಕೂರಿಸಿ ಕಾಲು ತೊಳೆಸಿದಳು. ಆದರೂ ಎಲೆಯ ತುದಿ ಹಳದಿಯಾಗುತ್ತ ಬಂತು.

ಇತ್ತ ಕೊಂಡಮ್ಮನ ಬಚ್ಚಲಲ್ಲಿ ನೀರು ನಿಂತಿತು. ಮೊದಲೆರಡು ದಿನ ಅದನ್ನು ಕೊಡಕ್ಕೆ ತುಂಬಿ, ಸೊಂಟದ ಮೇಲೆ ಹೊತ್ತು, ಬೀದಿಗೆ ಚೆಲ್ಲಿ ಬಂದಳು. ಊರಿನವರೆಲ್ಲ ಹೊರಗಿನಿಂದ ಮನೆಗೆ ನೀರು ಹೊರುತ್ತಿದ್ದರೆ, ಇವಳೊಬ್ಬಳು ಮನೆಯಿಂದ ಹೊರಗೆ ಹೊರುತ್ತಿದ್ದಳು. ಜನ ನಕ್ಕರು. ಆಮೇಲೆ ಸೊಂಟ ಹಿಡಿಯಿತು, ನೀರನ್ನು ಹಾಗೇ ಬಿಟ್ಟಳು. ಪಾಚಿ ಕಟ್ಟಿತು, ನಾರಿತು, ಸೊಳ್ಳೆ ಎದ್ದವು. ಮೂಗು ಮುಚ್ಚಿಕೊಂಡೇ ಮಿಂದಳು.

"ಲೇ, ಮಣ್ಣು ಗೋಡೆ ಕಣೇ. ನೆನೀತೈತೆ. ಆ ತೂತು ಬಿಚ್ಚು" ಎಂದ ಚಿನ್ನಪ್ಪ.

"ಅವಳ ಈರುಳ್ಳಿ ಮೇಲೆ ಆಸೆ ಇದ್ರೆ ಹೋಗಿ ಅಲ್ಲೇ ಉಣ್ಣು, ಹೋಗು."

ಚಿನ್ನಪ್ಪ ಹೊಲಕ್ಕೆ ಹೋದ. ಹೆಂಡತಿ ಬಾಯಿ ತೆರೆದಾಗಲೆಲ್ಲ ಅವನಿಗೆ ಹೊಲದ ನೆನಪಾಗುತ್ತಿತ್ತು.

ಶುಕ್ರವಾರ ಕೊಂಡಮ್ಮ ತಲೆತುಂಬ ಹರಳೆಣ್ಣೆ ಹಚ್ಚಿಕೊಂಡು, ಹಂಡೆಯ ತುಂಬ ನೀರು ಕಾಯಿಸಿ ಮೀಯಲು ಕೂತಳು. ಸೀಗೆಪುಡಿ ಕಣ್ಣಿಗೆ ಇಳಿದಿತ್ತು. ಚೊಂಬಿನ ಮೇಲೆ ಚೊಂಬು ಸುರಿದುಕೊಳ್ಳುತ್ತಿದ್ದಾಗ, ಅಷ್ಟು ದಿನ ನೀರು ಕುಡಿದು ಕುಡಿದು ಮೆತ್ತಗಾಗಿದ್ದ ಗೋಡೆ ಒಮ್ಮೆ ಹೊಟ್ಟೆ ಮುಂದೆ ಮಾಡಿ, ಧೊಪ್ಪನೆ ಆಚೆಗೆ ಮಲಗಿತು. ನಿಂತಿದ್ದ ನೀರೆಲ್ಲ ಅದರ ಹಿಂದೆಯೇ ಮಂಗಮ್ಮನ ಪಾತಿಗೆ ನುಗ್ಗಿತು. ಕೊಂಡಮ್ಮ ಕಿರುಚಿಕೊಂಡು ಹಂಡೆಯ ಹಿಂದೆ ಮುದುಡಿದಳು. ಅವಳನ್ನು ಮುಚ್ಚುವಷ್ಟು ಅಗಲ ಆ ಹಂಡೆಗೂ ಇರಲಿಲ್ಲ.

ಓಡಿಬಂದ ಮಂಗಮ್ಮ ಬೇಲಿಯ ಮೇಲೆ ಒಣಗುತ್ತಿದ್ದ ತನ್ನ ಸೀರೆಯನ್ನು ಎಳೆದು ಅತ್ತ ಎಸೆದಳು. ಮುಖ ತಿರುಗಿಸಿಯೂ ನೋಡಲಿಲ್ಲ. ಮಣ್ಣಿನಡಿ ಸಿಕ್ಕಿದ್ದ ಅರ್ಧ ಪಾತಿಯ ಹತ್ತಿರ ಮಂಡಿಯೂರಿ ಹೆಂಟೆ ಎತ್ತತೊಡಗಿದಳು. ಮೊದಲನೆಯ ಹೆಂಟೆಯ ಕೆಳಗೆ ಎಲೆ ಬಗ್ಗಿತ್ತು, ಬುಡ ಮುರಿದಿರಲಿಲ್ಲ. ಎರಡನೆಯದರ ಕೆಳಗೂ ಗಡ್ಡೆ ಕೆಂಪಗೆ ಗಟ್ಟಿಯಾಗಿತ್ತು.

ಅವಳದೇ ಸೀರೆ ಸುತ್ತಿಕೊಂಡು, ಸೀಗೆ ನೊರೆ ಸುರಿಯುವ ತಲೆಯಲ್ಲಿ ಕೊಂಡಮ್ಮ ಎದ್ದು ನಿಂತಳು. ಈಗಲಾದರೂ ಒಂದು ಒಳ್ಳೆಯ ಮಾತು ಬಂದೀತೇ?

"ಲೇ ಮಂಗೀ! ಗೋಡೆ ಮಣ್ಣು ನಂದು! ಒಂದು ಹೆಂಟೇನೂ ಇಟ್ಕೋಬ್ಯಾಡ!"

"ತಗೋ ಅಕ್ಕ" ಎಂದಳು ಮಂಗಮ್ಮ. ಹೆಂಟೆಗಳನ್ನು ಒಂದೊಂದಾಗಿ ಎತ್ತಿ ಕೊಂಡಮ್ಮನ ಕಾಲ ಬುಡದಲ್ಲಿ ಜೋಡಿಸುತ್ತ ಬಂದಳು. ಒಂದೊಂದು ಎತ್ತಿದಂತೆಯೂ ಕೆಳಗಿನಿಂದ ಒಂದೊಂದು ಕೆಂಪು ಬುಡ ಕಾಣಿಸಿತು. ಕೊನೆಯದನ್ನೂ ಇಟ್ಟು, ಕೈಯ ಕೆಸರನ್ನು ಪಾತಿಯಲ್ಲೇ ತೊಳೆದುಕೊಂಡು ಹೇಳಿದಳು:

"ಮಣ್ಣೆಲ್ಲ ಸರಿಯಾಗೈತಾ ನೋಡ್ಕೋ. ನೀರು ಮಾತ್ರ ಕೇಳ್ಬ್ಯಾಡ. ಅದನ್ನ ಇವು ಕುಡಿದ್ಬುಟ್ವು."