ನರಭಕ್ಷಕ ಸೋಫಾ

ಸೋಫಾ ಅಕ್ಕನನ್ನು ನುಂಗಬೇಕಿತ್ತು. ಅದೇನೋ ಬಾಯಿ ತೆರೆದುಕೊಂಡು ಸಿದ್ಧವಾಗಿಯೇ ಇತ್ತು. ಐದನೇ ತಾಲೀಮಿನಲ್ಲೂ ಅಕ್ಕನೇ ಕಿರುಚುತ್ತಿರಲಿಲ್ಲ.

"ಅಯ್ಯೋ, ಕಾಪಾಡಿ," ಎಂದಳು, ಅಂಗಡಿಯಲ್ಲಿ ಅರ್ಧ ಕಿಲೋ ಸಕ್ಕರೆ ಕೇಳುವ ದನಿಯಲ್ಲಿ.

"ಅಕ್ಕಾ, ಅದು ನಿನ್ನನ್ನ ತಿಂತಾ ಇದೆ!" ಕ್ಯಾಮೆರಾದ ಹಿಂದಿನಿಂದ ತಮ್ಮ ಗೋಗರೆದ. ವಾರವಿಡೀ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಈತ ರಜೆಯ ದಿನ ಮಾತ್ರ ದೆವ್ವದ ಚಿತ್ರಗಳ ನಿರ್ದೇಶಕ. ನಾಯಕಿಯಾಗಿ ಬಂದಿದ್ದವಳು ಸೋಫಾದ ಹಲ್ಲು ನೋಡಿ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡು ಮನೆಗೆ ಹೋಗಿದ್ದಳು; ಅವಳ ಬದಲಿಗೆ ಅಕ್ಕ ಕೂತಿದ್ದಳು. ಹಲ್ಲುಗಳೆಂದರೆ ದಂತವೈದ್ಯರೊಬ್ಬರು ಎಸೆದಿದ್ದ ಪ್ಲಾಸ್ಟರ್ ಅಚ್ಚುಗಳು. ರಕ್ತ, ಬಣ್ಣ ಬೆರೆಸಿದ ಸಕ್ಕರೆ ಪಾಕ. ಅದೂ ಇದ್ದದ್ದು ಒಂದೇ ಬಕೆಟ್. ಒಂದು ಸಲ ಸುರಿದರೆ ಮುಗಿಯಿತು.

ಸೋಫಾ ಅಕ್ಕನ ಮನೆಯದೇ, ಭಾವನ ಖಾಯಂ ಜಾಗ. "ಕಲೆಯಾದ್ರೆ ತೊಳ್ಕೊಳ್ತೀನಿ. ಬಟ್ಟೆಗೆ ಕತ್ತರಿ ಸೋಕಿಸಿದ್ರೆ ಮಾತ್ರ ಕೈ ಮುರೀತೀನಿ," ಎಂದೇ ಅಕ್ಕ ಒಪ್ಪಿದ್ದಳು. ಹಾಗಾಗಿ ತಳದಿಂದ ಸ್ಪ್ರಿಂಗ್ ಬಿಚ್ಚಿ, ಗೆಳೆಯ ಎಲೆಕ್ಟ್ರಿಷಿಯನ್‌ನನ್ನು ಒಳಗೆ ತೂರಿಸಲಾಗಿತ್ತು. ಅವನು ಕೈಗೆಲ್ಲ ಪಾಕ ಬಳಿದುಕೊಂಡು ಮಲಗಿದ್ದ.

ಭಾವ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಕ್ಕ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ನೆಂಟರು ಕಲ್ಲುಮನಸ್ಸು ಎಂದರು. ತಮ್ಮನಿಗೆ ಗೊತ್ತಿತ್ತು, ಕಲ್ಲಲ್ಲ, ಎಲ್ಲವನ್ನೂ ಒಳಗೇ ಅದುಮಿಟ್ಟುಕೊಂಡಿದ್ದಾಳೆ. ಇವಳು ಹೀಗೇ ಒಣಗಿಹೋದರೆ ಎಂಬ ಭಯ ಅವನಿಗೆ ಯಾವ ದೆವ್ವಕ್ಕಿಂತಲೂ ದೊಡ್ಡದಾಗಿತ್ತು.

"ಇಂಥ ಹುಚ್ಚಾಟಾನ ಯಾರೋ ನೋಡ್ತಾರೆ?"

"ಮರ್ಯಾದಸ್ಥರಾಗಿ ಇದ್ದೂ ಇದ್ದೂ ಸಾಕಾಗಿರೋರು, ಅಕ್ಕ. ಒಂದೇ ಒಂದ್ಸಲ ಬಾಯಿಬಿಟ್ಟು ಕಿರುಚು."

"ಬೇಗ ಕಿರುಚಕ್ಕಾ, ಇರುವೆ ಬಂದ್ವು," ಎಂದಿತು ಸೋಫಾ.

ತಮ್ಮ ಕ್ಯಾಮೆರಾ ಚಾಲೂ ಮಾಡಿ, ದೇವರ ಮೇಲೆ ಭಾರ ಹಾಕಿ ಬಕೆಟ್ಟನ್ನು ಅಕ್ಕನ ತಲೆಯ ಮೇಲೆ ಬೋರಲು ಹಾಕಿದ. ದಿಂಬುಗಳ ಸಂದಿನಿಂದ ಎರಡು ಕೆಂಪು ಕೈಗಳು ಎದ್ದು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದವು. ಅಕ್ಕ ಬೆಚ್ಚಿಬಿದ್ದಳು.

"ಈಗ ಹಿಡ್ಕೊಳ್ತೀರಾ ಕೈಯ?" ಅಕ್ಕನ ದನಿಗೆ ಮನೆ ಗುಡುಗಿತು. "ಇಪ್ಪತ್ತೆರಡು ವರ್ಷ ಇಲ್ಲೇ ಬೇರು ಬಿಟ್ಕೊಂಡು ಕೂತಿದ್ರಲ್ಲ, ಒಂದು ಲೋಟ ನೀರಿಗಾದ್ರೂ ಎದ್ರಾ? ಹೋಗೋವಾಗ ಮಾತ್ರ ಹೇಳದೆ ಕೇಳದೆ ಎದ್ದು ಹೋದ್ರಿ!"

ಸೋಫಾವನ್ನು ದಬದಬನೆ ಗುದ್ದತೊಡಗಿದಳು. ಗುದ್ದುತ್ತಲೇ ಅತ್ತಳು; ಎಂಟು ತಿಂಗಳಿನದೆಲ್ಲ ಒಮ್ಮೆಗೇ ಕಿತ್ತುಕೊಂಡು ಬಂತು.

"ತಪ್ಪಾಯ್ತು! ನೀರು ನಾನೇ ತಗೋತೀನಿ!" ಸೋಫಾ ಅಂಗಲಾಚಿತು.

ಅಕ್ಕನಿಗೆ ಅಳುವಿನ ನಡುವೆಯೇ ನಗು ಒತ್ತಿಕೊಂಡು ಬಂತು. ಎಲೆಕ್ಟ್ರಿಷಿಯನ್ ಮೈ ಕೆರೆದುಕೊಳ್ಳುತ್ತ ತಳದಿಂದ ತೆವಳಿ ಹೊರಬಂದ. ತಮ್ಮ ಕಣ್ಣೊರೆಸಿಕೊಂಡು ಕ್ಯಾಮೆರಾ ಆರಿಸಿದ.

"ಮುಗೀತಕ್ಕ. ಏಳು, ಸ್ನಾನ ಮಾಡು."

ಅಕ್ಕ ಕೆಂಪು ಮುಂಗೈಯಿಂದ ಮೂಗೊರೆಸಿಕೊಂಡು ಇನ್ನಷ್ಟು ಒರಗಿ ಕೂತಳು.

"ಏನು ಮುಗಿಯೋದು? ಅವರಮ್ಮನ ವಿಷಯಕ್ಕೆ ನಾನಿನ್ನೂ ಬಂದೇ ಇಲ್ಲ. ಅವನನ್ನ ಮತ್ತೆ ಸೋಫಾದೊಳಗೆ ಕಳಿಸು."